ಕೋಲ್‌ಶೇತ್‌ನ ಸಾಕ್ಷ್ಯ: 1946ರ ನೌಕಾ ಬಂಡಾಯ ಮತ್ತು ನಿಸ್ತಂತು ಜಾಲ

1946ರ ಫೆಬ್ರವರಿ 18ರಂದು ಮುಂಬೈಯ ನೌಕಾ ಸಂಕೇತ ಶಾಲೆ ‘ತಲ್ವಾರ್’ನಲ್ಲಿ ಶುರುವಾದ ಮುಷ್ಕರದ ಬಗ್ಗೆ ಬರೆದವರಲ್ಲಿ ಅನೇಕರು ಸಯ್ಯದ್ ಫಜಲ್ ಅಲಿ ವಿಚಾರಣಾ ಆಯೋಗ ಹಾಕಿಕೊಟ್ಟ ಜಾಡಿನಲ್ಲೇ ನಡೆದಿದ್ದಾರೆ: ತಿನ್ನಲಾಗದ ಊಟ, ಅಲ್ಲಿನ ಮುಖ್ಯಾಧಿಕಾರಿ ಕಮಾಂಡರ್ ಕಿಂಗ್‌ನ ಬೈಗುಳ, ವರ್ಣಭೇದ. ಇವು ಯಾವುವೂ ಸುಳ್ಳಲ್ಲ. ಆದರೆ ಅವು ಸಿಟ್ಟಿಗೆ ಕಾರಣವಾದವೇ ಹೊರತು ವೇಗಕ್ಕಲ್ಲ. ಊಟದ ದೂರು ಆ ವಾರ ಹುಟ್ಟಿದ್ದಲ್ಲ. ಹಾಗಿರುವಾಗ, ಫೆಬ್ರವರಿ 23ರ ಶರಣಾಗತಿಯೊಳಗೆ ಸುಮಾರು 78 ಹಡಗುಗಳಿಗೂ 20,000 ನಾವಿಕರಿಗೂ ಅದು ಹಬ್ಬಿದ್ದು ಹೇಗೆಂಬ ಪ್ರಶ್ನೆಯನ್ನು ಆಯೋಗದ ಬಂಟರು ಕೇಳಿಕೊಂಡಂತೆಯೇ ಕಾಣುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಎಲ್ಲವನ್ನೂ ವೈರ್‌ಲೆಸ್ಸಿನ ಲೆಕ್ಕಕ್ಕೆ ಬರೆಯುವವರೂ ಇದ್ದಾರೆ. ನನ್ನ ಒಲವು ಇವರ ಕಡೆಗೇ, ಆದರೂ ಠಾಣೆಯ ಕೋಲ್‌ಶೇತ್‌ನಲ್ಲಿದ್ದ ‘ಅಕ್ಬರ್’ ತರಬೇತಿ ಕೇಂದ್ರ ಇವರ ವಾದಕ್ಕೆ ಅಡ್ಡ ನಿಲ್ಲುತ್ತದೆ. ಅದು ಹಡಗಲ್ಲ, ನೆಲದ ಮೇಲಿನ ಶಿಬಿರ. ಮುಂಬೈ–ಠಾಣೆ ನಡುವೆ 1853ರಿಂದಲೇ ರೈಲಿತ್ತು. ಮುಷ್ಕರದ ಸುದ್ದಿ ಅಲ್ಲಿಗೆ ಮುಟ್ಟಲು ಪತ್ರಿಕೆ, ಪ್ರಯಾಣಿಕರ ಬಾಯಿಮಾತು ಸಾಕಿತ್ತು. ಆದ್ದರಿಂದ ಅಕ್ಬರ್ ಮುಷ್ಕರಕ್ಕೆ ಕೂಡಿಕೊಂಡದ್ದನ್ನು ನಿಸ್ತಂತುವಿನ ಮಹಿಮೆಗೆ ಪುರಾವೆಯಾಗಿ ಒಡ್ಡುವುದು ಸಲ್ಲದು. ನಿಜವಾದ ಪರೀಕ್ಷೆ ಅರಬ್ಬಿ ಸಮುದ್ರದಲ್ಲಿದ್ದ ‘ಕಾಠಿಯಾವಾಡ್’ ಹಡಗು. ಅಲ್ಲಿಗೆ ರೈಲೂ ಇಲ್ಲ, ಪತ್ರಿಕೆಯೂ ಇಲ್ಲ. ಕರಾಚಿಯಲ್ಲಿ ‘ಹಿಂದೂಸ್ತಾನ್’ ಹಡಗು ಸಂಕಟಕ್ಕೆ ಸಿಕ್ಕ ಸುದ್ದಿ ಹಿಡಿದು ಕಾಠಿಯಾವಾಡ್‌ನ ನಾವಿಕರು ತಮ್ಮ ಹಡಗನ್ನೇ ವಶಕ್ಕೆ ತೆಗೆದುಕೊಂಡರು. ಠಾಣೆಯನ್ನೂ ಕಾಠಿಯಾವಾಡನ್ನೂ ಒಂದೇ ಪಟ್ಟಿಗೆ ಸೇರಿಸುವವರು ಎರಡೂ ಸಾಕ್ಷ್ಯಗಳನ್ನು ಕೆಡಿಸುತ್ತಾರೆ.

ಆಕಾಶವಾಣಿ, ಬಿಬಿಸಿಗಳೂ ಸುದ್ದಿ ಬಿತ್ತರಿಸಿದವಲ್ಲ ಎಂಬ ಆಕ್ಷೇಪ ಬರಬಹುದು. ಬಿತ್ತರಿಸಿದವು, ಸರಿ. ಆದರೆ ಬಾನುಲಿ ಹೇಳುತ್ತದೆ, ಮರುಮಾತು ಕೇಳಿಸಿಕೊಳ್ಳುವುದಿಲ್ಲ. ಚದುರಿದ ಹಡಗುಗಳು ಒಟ್ಟಾಗಿ ನಡೆಯಬೇಕಾದರೆ ಉತ್ತರ ಕಳಿಸುವ ದಾರಿ ಬೇಕು. ಆ ದಾರಿ ಯಾರ ಕೈಯಲ್ಲಿತ್ತು? ಮುಷ್ಕರ ಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್ ಲೀಡಿಂಗ್ ಸಿಗ್ನಲ್‌ಮನ್, ಉಪಾಧ್ಯಕ್ಷ ಮದನ್ ಸಿಂಗ್ ಪೆಟಿ ಆಫೀಸರ್ ಟೆಲಿಗ್ರಾಫಿಸ್ಟ್. ತಲ್ವಾರ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಘೋಷಣೆ ಬರೆದು ಸಿಕ್ಕಿಬಿದ್ದ ಬಿ. ಸಿ. ದತ್ತ ಕೂಡ ಟೆಲಿಗ್ರಾಫಿಸ್ಟನೇ. ಇದನ್ನು ಕಾಕತಾಳೀಯ ಎನ್ನುವವರ ಜೊತೆ ವಾದಕ್ಕಿಳಿಯುವ ತಾಳ್ಮೆ ನನಗಿಲ್ಲ.

ಗೂಢಲಿಪಿ ಸಂದೇಶವನ್ನು ಹೊರಗಿನ ಶತ್ರುವಿನಿಂದ ಕಾಯುತ್ತದೆ, ಕೀಲಿಯ ಮುಂದೆ ಕೂತವನಿಂದಲ್ಲ. ಬ್ರಿಟಿಷ್ ನೌಕಾಡಳಿತ ತನ್ನ ಜಾಲವನ್ನು ಭದ್ರವೆಂದು ಎಣಿಸಿದ್ದು ಶತ್ರು ಹೊರಗಿದ್ದಾನೆಂಬ ಎಣಿಕೆಯ ಮೇಲೆ. ಸಂಬಳ, ಊಟ, ಮರ್ಯಾದೆಗಳಲ್ಲಿ ತಾನು ಕೀಳುಗಂಡವರಿಗೇ ಆ ಜಾಲವನ್ನು ಒಪ್ಪಿಸಿತ್ತು. ಅಕ್ಬರ್‌ನ ವಿಷಯದಲ್ಲಿ ಮಾತ್ರ ಈ ವಿವರಣೆ ನಡೆಯದು. ಬಂಡಾಯದ ಇತಿಹಾಸ ಬರೆಯುವವರು ಕೋಲ್‌ಶೇತ್‌ಗೆ ಒಂದು ಸಾಲು ಕೊಟ್ಟು ಮುಂದೆ ಹೋಗುವುದನ್ನು ಬಿಟ್ಟು, ಅದನ್ನು ಬೇರೆಯದೇ ಅಧ್ಯಾಯವಾಗಿ ಬರೆಯಲಿ.