ಹೆಡ್‌ಲೈಟಿನ ಹಿಂದಿನ ರಬ್ಬರ್ ಉಂಗುರ



ಕಳೆದ ಭಾನುವಾರ ನಮ್ಮ ಮನೆಯ ಹಳೆಯ ಅಂಬಾಸಿಡರ್ ಕಾರಿನ ಎರಡೂ ಹೆಡ್‌ಲೈಟುಗಳಿಗೆ ಹೊಸ ರಬ್ಬರ್ ಹಾಕಿದೆ. ಬೆಳಿಗ್ಗೆ ಕಾಫಿ ಕುಡಿದು ಕುಳಿತವನು ಏಳುವಾಗ ಊಟದ ಹೊತ್ತಾಗಿತ್ತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮೊಮ್ಮಗಳು, "ಅಜ್ಜಾ, ಹೊರಗೆ ಕಾಣಿಸದ ಈ ರಬ್ಬರಿಗೆ ಇಷ್ಟು ಹೊತ್ತು ಯಾಕೆ?" ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ. ಇದರಲ್ಲಿ ಚರಿತ್ರೆಯಿದೆ, ಜೊತೆಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಮೋಟಾರು ವಾಹನಗಳ ಆರಂಭದ ಕಾಲದಲ್ಲಿ ಈ ಉಂಗುರದ ಅಗತ್ಯವೇ ಇರಲಿಲ್ಲ. ಆಗಿನ ದೀಪಗಳು ಕುದುರೆ ಸಾರೋಟಿನಿಂದ ಬಂದವು. ಮೊದಲು ಎಣ್ಣೆಯ ದೀಪ. ಅನಂತರ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ ಅಸಿಟಿಲೀನ್ ಅನಿಲವನ್ನು ಉರಿಸುವ ದೀಪ. 1912ರ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ ಸ್ಟಾರ್ಟರಿನೊಂದಿಗೆ ವಿದ್ಯುತ್ ದೀಪಗಳೂ ಬಂದ ಮೇಲೆ ಅನಿಲದ ಯುಗ ಮುಗಿಯತೊಡಗಿತು. ಆದರೂ ದೀಪಗಳು ಕಾರಿನ ಮೈಯಿಂದ ಬೇರೆಯಾಗಿ, ಕಂಬದ ಮೇಲಿನ ಲಾಂದ್ರಗಳಂತೆ ನಿಂತಿರುತ್ತಿದ್ದವು. ಮಳೆ ಬಂದರೆ ನೀರು ಜಾರಿ ನೆಲಕ್ಕೆ ಬೀಳುತ್ತಿತ್ತು.

ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯು 1914ರ ಸುಮಾರಿಗೆ ದೀಪಗಳನ್ನು ಮಡ್‌ಗಾರ್ಡಿನಲ್ಲಿಯೇ ಅಡಕಗೊಳಿಸಿತು. ಉಳಿದವರು ಆ ದಾರಿ ಹಿಡಿಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 1930ರ ದಶಕದ ಕೊನೆಗೆ ಅದು ಸಾಮಾನ್ಯವಾಯಿತು. 1940ರ ಮಾದರಿಗಳಿಂದ ಅಮೆರಿಕದಲ್ಲಿ ಬಲ್ಬು, ಪ್ರತಿಫಲಕ, ಗಾಜು ಮೂರೂ ಒಂದಾಗಿರುವ 7 ಅಂಗುಲದ ದುಂಡನೆಯ 'ಸೀಲ್ಡ್ ಬೀಮ್' ದೀಪ ರೂಢಿಗೆ ಬಂದಿತು. ಅದರಿಂದ ದೀಪದೊಳಗಿನ ಬೆಳ್ಳಿಯ ಲೇಪ ಕಪ್ಪಾಗುವ ತೊಂದರೆ ತಪ್ಪಿತು. ಆದರೆ ದೀಪವನ್ನು ಕೂರಿಸಲು ಮಡ್‌ಗಾರ್ಡಿನ ತಗಡಿನಲ್ಲಿ ಕೊರೆದ ದೊಡ್ಡ ತೂತು ಹಾಗೆಯೇ ಉಳಿಯಿತು. ಆ ತೂತಿನ ಅಂಚಿಗೂ ದೀಪದ ಬೋಗುಣಿಗೂ ನಡುವೆ ಕೂರುವುದೇ ನಮ್ಮ ಕಥಾನಾಯಕನಾದ ರಬ್ಬರ್ ಉಂಗುರ.

ಅದಕ್ಕೆ ಕೆಲಸ ಎರಡು. ಮುಂದಿನ ಚಕ್ರ ಎರಚುವ ಕೆಸರು ನೀರು ದೀಪದೊಳಗೆ ನುಗ್ಗದಂತೆ ತಡೆಯುವುದು ಒಂದು. ಲೋಹವು ಬಣ್ಣವನ್ನು ತಿಕ್ಕದಂತೆ ಕಾಯುವುದು ಇನ್ನೊಂದು. ಕಾರು ಓಡುವಾಗ ಬೋಗುಣಿಯೂ ಕ್ರೋಮ್ ರಿಂಗೂ ಸದಾ ನಡುಗುತ್ತಿರುತ್ತವೆ. ಕಾರಿನ ಬಣ್ಣದ ಪದರವಾದರೋ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಅಂಚಿನಲ್ಲಿ ಅದು ಇನ್ನೂ ತೆಳು. ನಡುವೆ ರಬ್ಬರ್ ಇಲ್ಲದಿದ್ದರೆ ಆ ಪದರ ಬೇಗ ಸವೆದು ಕಬ್ಬಿಣ ಬಯಲಾಗುತ್ತದೆ.

ಬಣ್ಣದ ಚರಿತ್ರೆಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಿಂದೆ ಕಾರಿಗೆ ಬಳಿದ ಬಣ್ಣ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. 1923–24ರಲ್ಲಿ ಡ್ಯೂಪಾಂಟ್ ಕಂಪನಿಯ 'ಡ್ಯೂಕೊ' ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಬಂದ ಮೇಲೆ ಬೇಗ ಒಣಗುವ, ಬಗೆಬಗೆಯ ಬಣ್ಣಗಳ ಕಾರುಗಳು ಬೀದಿಗೆ ಬಂದವು. ಕಾರು ಹೊಳೆಯತೊಡಗಿದಂತೆ ಅದನ್ನು ಕಾಯುವ ಚಿಂತೆಯೂ ಹುಟ್ಟಿತು.

ರಬ್ಬರಿನ ಕಥೆ ನಮ್ಮ ಸೀಮೆಗೆ ಹೆಚ್ಚು ಹತ್ತಿರ. ಹಸಿ ರಬ್ಬರ್ ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಡೆಯುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ಹೋಗುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಅಲ್ಲಿನ ಪೇಟೆಂಟಿಗೆ 1843ರಲ್ಲಿಯೇ ಅರ್ಜಿ ಹಾಕಿದ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ, ಸಿಂಗಾಪುರಕ್ಕೆ ಹೋದವು. 1902ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ ರಬ್ಬರ್ ತೋಟ ಎದ್ದಿತು. ನಮ್ಮ ಸುಳ್ಯ, ಪುತ್ತೂರು ಸೀಮೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳನ್ನು ನೀವೆಲ್ಲ ಬಲ್ಲಿರಿ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಅನ್ವಯ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳು ಅಲ್ಲಿ ಹಾಲು ತೆಗೆಯುವ ಕೆಲಸಕ್ಕೆ ನೆಲೆಸಿದವು. ಅವರ ಮಕ್ಕಳು ನಿಮ್ಮ ಜೊತೆಯಲ್ಲಿಯೇ ಬೆಂಚಿನಲ್ಲಿ ಕುಳಿತು ಕನ್ನಡ ಕಲಿತರು.

ಇನ್ನು ತಪ್ಪೊಪ್ಪಿಗೆ.

ಅಂಬಾಸಿಡರ್ ಕಾರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನ ಭಾರತೀಯ ರೂಪ. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ನಮ್ಮಲ್ಲಿರುವುದು 1972ರ ಮಾರ್ಕ್ 2. ಅದು ನನ್ನ ದೊಡ್ಡಪ್ಪನವರದು. ಊರಿನ ಎಷ್ಟೋ ಬಸುರಿಯರು, ಹಾವು ಕಚ್ಚಿದವರು ಅದರಲ್ಲಿಯೇ ಪುತ್ತೂರಿನ ಆಸ್ಪತ್ರೆ ಸೇರಿದ್ದರು. 1996ರಲ್ಲಿ ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಬೀಗದ ಕೈಯನ್ನು ನನಗೆ ಕೊಟ್ಟು, "ಮಗಾ, ಮಾರಬೇಡ, ಹಾಳು ಮಾಡಬೇಡ" ಎಂದರು.

1998ರಲ್ಲಿ ಮನೆಯಲ್ಲಿ ಮದುವೆ. ಕಾರಿಗೆ ಹೊಸ ಬಣ್ಣ ಹೊಡೆಸಿದೆ. ಹೆಡ್‌ಲೈಟಿನ ಹಳೆಯ ರಬ್ಬರುಗಳು ಒಣಗಿ ಹಪ್ಪಳದಂತೆ ಮುರಿದಿದ್ದವು. ಹೊಸದು ಮಂಗಳೂರಿನಿಂದ ಬರಲು ನಾಲ್ಕು ದಿನ ಬೇಕೆಂದರು. ಮದುವೆಗೆ ಉಳಿದದ್ದು ಎರಡೇ ದಿನ. "ಒಳಗಿರುವ ರಬ್ಬರನ್ನು ಯಾರು ನೋಡುತ್ತಾರೆ? ಹಾಗೆಯೇ ಜೋಡಿಸಿ" ಎಂದವನು ನಾನೇ. ಮದುವೆ ಮುಗಿಯಿತು, ರಬ್ಬರಿನ ವಿಷಯ ಮರೆತೇಹೋಯಿತು.

ಮೊದಲ ಮಳೆಗಾಲ ಕಳೆದಾಗ ಏನೂ ಕಾಣಲಿಲ್ಲ. ಎರಡನೆಯ ಮಳೆಗಾಲದ ಕೊನೆಗೆ ದೀಪದ ಸುತ್ತ ಬಣ್ಣ ಸಾಸಿವೆ ಕಾಳಿನಂತೆ ಉಬ್ಬಿತು. ಅದರ ಮೇಲೆ ಬಣ್ಣ ಸವರಿ ಸುಮ್ಮನಾದೆ. ಮೂರನೆಯ ಮಳೆಗಾಲ ಮುಗಿದಾಗ, 2000ನೆಯ ಇಸವಿಯಲ್ಲಿ, ಎಡಗಡೆಯ ದೀಪದ ಕೆಳಗೆ ಬೆರಳು ತೂರುವಷ್ಟು ತೂತು! ದೊಡ್ಡಮ್ಮ ಅದನ್ನು ಸೆರಗಿನ ತುದಿಯಿಂದ ಒರೆಸಿ ನೋಡಿದರು, ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಪುತ್ತೂರಿನ ಒಂದು ಟಿಂಕರಿಂಗ್ ಅಂಗಡಿಗೆ ಕಾರು ಒಯ್ದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನಪಾಸಾದವನು. "ನಿನಗೆ ಇದೆಲ್ಲ ಹತ್ತುವುದಿಲ್ಲ" ಎಂದು ತರಗತಿಯಲ್ಲಿ ಎಲ್ಲರೆದುರು ನಾನೇ ಹೇಳಿದ್ದುಂಟು. ಅವನು ದೀಪ ಬಿಚ್ಚಿ, ಒಳಗೆ ಕಟ್ಟಿದ್ದ ಕೆಸರನ್ನು ತೋರಿಸಿ, ಮೆಲ್ಲಗೆ ಹೇಳಿದ: "ಸರ್, ನೀವು ಮೂರು ಪ್ರನಾಳದಲ್ಲಿ ಮೊಳೆ ಹಾಕಿ ತೋರಿಸಿದ್ದಿರಲ್ಲ, ಇದು ಮೊದಲನೆಯ ಪ್ರನಾಳ."

ನಿಮಗೂ ನೆನಪಿರಬಹುದು. ಒಂದು ಪ್ರನಾಳದಲ್ಲಿ ನೀರೂ ಗಾಳಿಯೂ ಇರುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಎರಡನೆಯದರಲ್ಲಿ ಕುದಿಸಿದ ನೀರಿನ ಮೇಲೆ ಎಣ್ಣೆ, ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್. ಆ ಎರಡರಲ್ಲಿಯೂ ತುಕ್ಕು ಹಿಡಿಯದು. ವರ್ಷವರ್ಷವೂ ಅದನ್ನು ಪಾಠ ಮಾಡಿದ ನಾನು ನನ್ನ ಅಂಗಳದಲ್ಲಿದ್ದ ಪ್ರನಾಳವನ್ನು ಗುರುತಿಸಲಿಲ್ಲ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಬಣ್ಣ ಉಬ್ಬುವುದು ಅದಕ್ಕಾಗಿಯೇ. ಉಬ್ಬು ಕಂಡಾಗಲೇ ಒಳಗಿನ ಕೆಲಸ ಬಹಳ ಮುಂದುವರಿದಿರುತ್ತದೆ.

ಅವನು ತಗಡು ಕತ್ತರಿಸಿ ಬೆಸುಗೆ ಹಾಕಿದ. ಅನಂತರ ರಬ್ಬರ್ ಹಾಕುವ ಕ್ರಮವನ್ನು ನನಗೆ ಕಲಿಸಿದ. ಕಳೆದ ಭಾನುವಾರ ನಾನು ಮಾಡಿದ್ದು ಅದನ್ನೇ. ಮೊದಲು ಕ್ರೋಮ್ ರಿಂಗ್ ತೆಗೆಯಬೇಕು. ಆಗ ಕೆಳಗಿನ ಬಣ್ಣಕ್ಕೆ ಗೀರು ಬೀಳದಂತೆ ಬಟ್ಟೆಯನ್ನು ಒಡ್ಡಿಕೊಳ್ಳಬೇಕು. ದೀಪವನ್ನು ಹಿಡಿದ ಸ್ಕ್ರೂಗಳನ್ನು ಬಿಚ್ಚುವಾಗ ಬೆಳಕಿನ ದಿಕ್ಕನ್ನು ಹೊಂದಿಸುವ ಸ್ಕ್ರೂಗಳನ್ನು ಮುಟ್ಟಬಾರದು. ಬೋಗುಣಿಯನ್ನು ಹೊರತೆಗೆದು ಅಂಚಿನ ತುಕ್ಕನ್ನು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಡಬೇಕು. ಹಸಿ ಬಣ್ಣಕ್ಕೆ ರಬ್ಬರ್ ಅಂಟಿಕೊಂಡರೆ ಮುಂದೆ ಬಿಚ್ಚುವಾಗ ಬಣ್ಣವೇ ಕಿತ್ತು ಬರುತ್ತದೆ. ಈ ಕೆಲಸಗಳನ್ನು ನಾನು ಹಿಂದಿನ ವಾರವೇ ಮುಗಿಸಿದ್ದೆ. ರಬ್ಬರ್ ಜಾರಿ ಕೂರಲು ಸಾಬೂನಿನ ನೀರು ಸಾಕು. ಗ್ರೀಸ್ ಹಚ್ಚಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಉಂಗುರ ಸೊಟ್ಟಗಾಗಿ ಇನ್ನೊಂದು ಕಡೆ ನೀರಿಗೆ ದಾರಿಯಾಗುತ್ತದೆ.

ಇಷ್ಟಾದರೂ ರಬ್ಬರ್ ಶಾಶ್ವತವಲ್ಲ. ಗಾಳಿಯಲ್ಲಿರುವ ಅತ್ಯಲ್ಪ ಓಝೋನ್ ಅನಿಲವೇ ಎಳೆದು ಕೂರಿಸಿದ ನೈಸರ್ಗಿಕ ರಬ್ಬರಿನಲ್ಲಿ ಬಿರುಕು ಬಿಡಿಸುತ್ತದೆ. 1960ರ ದಶಕದಿಂದ ಬಳಕೆಗೆ ಬಂದ ಇಪಿಡಿಎಂ ಎಂಬ ಕೃತಕ ರಬ್ಬರ್ ಇದನ್ನು ಚೆನ್ನಾಗಿ ತಡೆಯುತ್ತದೆ. ಈ ಬಾರಿ ಹಾಕಿದ್ದು ಅದನ್ನು.

ದೊಡ್ಡಮ್ಮ ಈಗಿಲ್ಲ. ರಿಪೇರಿಯಾದ ಕಾರಿನಲ್ಲಿ ಅವರನ್ನು ಒಮ್ಮೆ ಸುಬ್ರಹ್ಮಣ್ಯಕ್ಕೆ ಕರೆದೊಯ್ದಿದ್ದೆ. ಇಳಿಯುವಾಗ ದೀಪದ ಸುತ್ತ ಕೈಯಾಡಿಸಿ, "ಈಗ ಸರಿಯಾಯಿತು" ಎಂದರು. ಆ ವಿದ್ಯಾರ್ಥಿಯ ಬಳಿ ಮಾತ್ರ ನಾನು ಅಂದಿನ ಮಾತಿಗೆ ಕ್ಷಮೆ ಕೇಳಿರಲಿಲ್ಲ. ಭಾನುವಾರ ಸಂಜೆ ಫೋನ್ ಮಾಡಿ ಕೇಳಿದೆ. "ಅದೆಲ್ಲ ಯಾವ ಕಾಲದ್ದು ಸರ್! ಕೆಳಗಿನ ಸ್ಕ್ರೂ ಬಿಗಿ ಮಾಡಿದ್ರಾ?" ಎಂದು ಅವನು ನಕ್ಕ.

ಎದ್ದು ಹೋಗಿ ನೋಡಿದೆ. ಇನ್ನೊಂದು ಸುತ್ತು ಬಾಕಿ ಇತ್ತು.