ಹಬ್ಬದ ತಟ್ಟೆಗೆ ಖಾರ ಎಲ್ಲಿಂದ ಬಂತು?

ಕ್ರಿಸ್ಮಸ್ ಕುಸ್ವಾರ್ ಎಂದಕೂಡಲೇ ನಮಗೆ ನೆನಪಾಗುವುದು ಸಿಹಿತಿಂಡಿ. ಕೇಕು, ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ. ಆದರೆ ತಟ್ಟೆ ಖಾಲಿಯಾಗುವ ಕ್ರಮವನ್ನು ಗಮನಿಸಿದವರಿಗೆ ಗೊತ್ತು, ಮೊದಲು ಮುಗಿಯುವುದು ಖಾರದ ತುಕ್ಡಿ ಮತ್ತು ಚಕ್ಕುಲಿ. ಸಿಹಿಯನ್ನು ನಾಲ್ಕು ದಿನ ಕಾದಿರಿಸಬಹುದು, ಖಾರವನ್ನು ಮಕ್ಕಳಿಂದ ಬಚ್ಚಿಡುವುದೇ ತಾಯಂದಿರಿಗೆ ದೊಡ್ಡ ಕೆಲಸ. ಇಷ್ಟೊಂದು ಪ್ರೀತಿಯ ಈ ತಿನಿಸಿನ ಚರಿತ್ರೆಯನ್ನು ಮಾತ್ರ ನಾವು ಯಾರೂ ಕೇಳಿದವರಲ್ಲ.

ಕೇಳಬೇಕಾದ ಕಾರಣವೊಂದಿದೆ. ಕೇಕು, ರೋಸ್ ಕುಕ್ಕಿ ನಮ್ಮದು, ಚಕ್ಕುಲಿ-ನಿಪ್ಪಟ್ಟು ಅವರದು ಎಂಬ ಮಾತು ನಮ್ಮ ಕೆಲವು ಕುಟುಂಬಗಳಲ್ಲಿ ಆಗಾಗ ಕೇಳಿಬರುತ್ತದೆ. ನಿಮ್ಮ ಹಬ್ಬದ ತಿಂಡಿ ಎಲ್ಲವೂ ಪರದೇಶದ್ದು ಎಂದು ಹೊರಗಿನವರೂ ಹೇಳುತ್ತಾರೆ. ಅಡಿಗೆಮನೆಯ ದಾಖಲೆಯನ್ನು ತೆರೆದು ನೋಡಿದರೆ ಎರಡು ಮಾತೂ ನಿಲ್ಲುವುದಿಲ್ಲ.

ತೆಳ್ಳಗೆ ಲಟ್ಟಿಸಿದ ಹಿಟ್ಟನ್ನು ಎಣ್ಣೆಯೊಂದಿಗೆ ಗರಿಗರಿಯಾಗಿ ಬೇಯಿಸುವುದು ಬಹಳ ಹಳೆಯ ವಿದ್ಯೆ. ಪವಿತ್ರ ಬೈಬಲಿನ ಯಾಜಕಕಾಂಡದ ಎರಡನೆಯ ಅಧ್ಯಾಯದಲ್ಲಿ ಹುಳಿಯಿಲ್ಲದ, ಎಣ್ಣೆ ಸವರಿದ ತೆಳು ಹಪ್ಪಳದಂಥ ರೊಟ್ಟಿಯನ್ನು ದೇವರಿಗೆ ಕಾಣಿಕೆಯಾಗಿ ಅರ್ಪಿಸುವ ವಿಧಿಯಿದೆ. ಧಾನ್ಯದ ಕಾಣಿಕೆಗೆಲ್ಲ ಉಪ್ಪು ಇರಲೇಬೇಕೆಂಬ ನಿಯಮವೂ ಅದೇ ಅಧ್ಯಾಯದಲ್ಲಿದೆ. ನಮ್ಮ ನಾಡಿನಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಅಡಿಗೆಗೇ ಒಂದು ಭಾಗ ಮೀಸಲು. 1508ರ ಸುಮಾರಿಗೆ ಮೂರನೆಯ ಮಂಗರಸನು ಕನ್ನಡದಲ್ಲಿ ಸೂಪಶಾಸ್ತ್ರವೆಂಬ ಅಡಿಗೆಯ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಅಡಿಗೆಯನ್ನು ಕಾವ್ಯಕ್ಕೆ ತಕ್ಕ ವಸ್ತುವೆಂದು ಎಣಿಸಿದ ನಾಡು ನಮ್ಮದು ಎಂಬುದು ಹೆಮ್ಮೆಯ ಸಂಗತಿ.

ಆದರೆ ಮಂಗರಸನ ಅಡಿಗೆಮನೆಯಲ್ಲಿ ಒಂದು ವಸ್ತು ಇರಲಿಲ್ಲ. ಅದೇ ಮೆಣಸಿನಕಾಯಿ. ಅಂದಿನ ಖಾರವೆಂದರೆ ಕರಿಮೆಣಸು, ಶುಂಠಿ, ಸಾಸಿವೆ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಕೊಲಂಬಸನು 1492ರಲ್ಲಿ ಹೊರಟದ್ದು ಭಾರತದ ಕರಿಮೆಣಸನ್ನು ಹುಡುಕಿಕೊಂಡು. ಅವನಿಗೆ ಸಿಕ್ಕಿದ್ದು ಬೇರೆ ದೇಶ, ಬೇರೆ ಗಿಡ. ಖಾರವಾಗಿದೆ ಎಂಬ ಒಂದೇ ಕಾರಣಕ್ಕೆ ಸ್ಪೇನಿನವರು ಅದಕ್ಕೂ ಮೆಣಸಿನ ಹೆಸರನ್ನೇ ಕೊಟ್ಟರು. ವಾಸ್ಕೋ ಡ ಗಾಮಾ 1498ರಲ್ಲಿ ಕಲ್ಲಿಕೋಟೆಗೆ ಬಂದನು, 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿದನು. ಆ ಶತಮಾನದಲ್ಲಿಯೇ ಪೋರ್ಚುಗೀಸರ ಹಡಗುಗಳ ಮೂಲಕ ಮೆಣಸಿನಕಾಯಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿಯಿತು.

ನಮ್ಮವರೂ ಅದಕ್ಕೆ ಹೊಸ ಹೆಸರನ್ನು ಹುಡುಕಲಿಲ್ಲ. ಮೆಣಸು ಎಂಬ ಹಳೆಯ ಹೆಸರಿಗೇ ಕಾಯಿ ಸೇರಿಸಿ ಮೆಣಸಿನಕಾಯಿ ಎಂದರು. ಕರಾವಳಿಯಲ್ಲಂತೂ ಹೊಸದೇ ಮೆಣಸಾಗಿ, ಹಳೆಯದು ಒಳ್ಳೆಮೆಣಸು ಎನಿಸಿಕೊಂಡಿತು. ತುಳುವಿನಲ್ಲೂ ಹಾಗೆಯೇ, ಮುಂಚಿ ಮತ್ತು ಎಡ್ಡೆ ಮುಂಚಿ. ಮನೆಗೆ ಬಂದ ಅತಿಥಿ ಯಜಮಾನನ ಹೆಸರನ್ನೇ ಪಡೆದು, ಯಜಮಾನನಿಗೆ ಬೇರೆ ಗುರುತು ಹೇಳಬೇಕಾಗಿ ಬಂದ ಹಾಗಾಯಿತು! ಇಂದು ಬ್ಯಾಡಗಿಯ ಸುಕ್ಕುಗಟ್ಟಿದ ಕೆಂಪು ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. ಕಡಲೆಕಾಯಿಯ ಕಥೆಯೂ ಬಹುಮಟ್ಟಿಗೆ ಇದೇ, ಅದೂ ದಕ್ಷಿಣ ಅಮೆರಿಕದ ಬೆಳೆ.

ಈಗ ನಿಪ್ಪಟ್ಟನ್ನು ಕೈಯಲ್ಲಿ ಹಿಡಿದು ನೋಡಿ. ಅಕ್ಕಿಹಿಟ್ಟು, ಎಳ್ಳು, ಕರಿಬೇವು ಈ ನೆಲದ್ದು. ಮೆಣಸಿನಕಾಯಿಯೂ ಕಡಲೆಕಾಯಿಯೂ ಸಮುದ್ರ ದಾಟಿ ಬಂದವು. ಮಿಷನರಿಗಳನ್ನು ಹೊತ್ತು ತಂದ ಆ ಹಡಗಿನ ದಾರಿಯೇ ಅವುಗಳ ದಾರಿಯೂ ಹೌದು. ಇದರಲ್ಲಿ ನಮ್ಮದೆಷ್ಟು, ಅವರದೆಷ್ಟು ಎಂದು ಹೇಗೆ ಪಾಲು ಮಾಡುವುದು?

ಕುಸ್ವಾರ್ ಎಂಬ ಪದವನ್ನು ಪೋರ್ಚುಗೀಸರ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟವಾದ ಕೊನ್ಸೊವಾದಕ್ಕೆ ಜೋಡಿಸಿ ಹೇಳುವುದುಂಟು. ಹೆಸರು ಹಾಗಿರಬಹುದು. ಆದರೆ ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ನಮ್ಮ ಹಿರಿಯರು ತಟ್ಟೆಗೆ ತುಂಬಿದ್ದು ತಮ್ಮ ಹಳೆಯ ಮನೆತನಗಳ ಅಡಿಗೆಯನ್ನು. ತೆಂಗಿನಕಾಯಿ, ಬೆಲ್ಲ, ಎಳ್ಳು, ಅಕ್ಕಿ. ಮೈಸೂರು ಸೀಮೆಯ ಕಥೆಯೇ ಬೇರೆ. ಅಲ್ಲಿ 1648ರ ಸುಮಾರಿಗೆ ಲಿಯೊನಾರ್ಡೊ ಚಿನ್ನಮಿ ಮೊದಲಾದ ಯೇಸುಸಭೆಯ ಗುರುಗಳು ಕನ್ನಡ ಕಲಿತು, ಸನ್ಯಾಸಿಗಳ ಉಡುಗೆಯಲ್ಲಿ ಸೇವೆ ಮಾಡಿದರು. ಜನರ ಊಟ ಬದಲಾಗಬೇಕೆಂದು ಅವರು ಬಯಸಲಿಲ್ಲ, ತಮ್ಮ ಊಟವನ್ನೇ ಬದಲಾಯಿಸಿಕೊಂಡರು. ಆ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕ್ರಿಸ್ಮಸ್ ಎಂದರೆ ಕಜ್ಜಾಯ, ಚಕ್ಕುಲಿ, ಕೋಡುಬಳೆ.

ಎಲ್ಲೆಡೆ ಹೀಗೆಯೇ ನಡೆಯಿತು ಎನ್ನಲಾಗದು. 1736ರಲ್ಲಿ ಗೋವೆಯ ಇಂಕ್ವಿಜಿಷನ್ ಹೊರಡಿಸಿದ ಆಜ್ಞಾಪತ್ರ ಕ್ರೈಸ್ತರ ಮನೆಯೊಳಗೂ ಕಾಲಿಟ್ಟಿತು. ಹಿಂದೂಗಳ ಪದ್ಧತಿಯಂತೆ ಉಪ್ಪು ಹಾಕದೆ ಅನ್ನ ಬೇಯಿಸಿ ಉಣ್ಣಬಾರದು, ಮನೆಯಲ್ಲಿ ತುಳಸಿ ಬೆಳೆಸಬಾರದು ಎಂಬಂಥ ನಿಷೇಧಗಳು ಅದರಲ್ಲಿದ್ದವು. ಗಂಜಿಯ ಮಡಕೆಯಲ್ಲಿ ವಿಶ್ವಾಸವನ್ನು ಅಳೆಯಲು ಹೊರಟದ್ದು ನಮ್ಮ ಚರಿತ್ರೆಯ ನೋವಿನ ಪುಟ. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. 1560ರಲ್ಲಿ ಸ್ಥಾಪನೆಯಾದ ಆ ನ್ಯಾಯಪೀಠ 1812ರಲ್ಲಿ ರದ್ದಾಯಿತು. ಸತ್ಯದ ಹೆಸರಿನಲ್ಲಿ ಶುಭಸಂದೇಶಕ್ಕೆ ಒಪ್ಪದ ಮಾರ್ಗಗಳನ್ನು ಹಿಡಿದದ್ದಕ್ಕಾಗಿ ಜಗದ್ಗುರು ಎರಡನೇ ಜಾನ್ ಪಾಲರು 2000ದ ಮಾರ್ಚ್ 12ರಂದು ದೇವರ ಕ್ಷಮೆ ಬೇಡಿದರು. ಚಕ್ಕುಲಿ ಅವರದು ಎನ್ನುವವರು ತಿಳಿಯದೆಯೇ ಆ ಹಳೆಯ ಆಜ್ಞಾಪತ್ರದ ಧಾಟಿಯಲ್ಲಿ ಮಾತನಾಡುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಎದುರು ದಿಕ್ಕಿನ ಉದಾಹರಣೆಯೂ ನಮ್ಮಲ್ಲಿದೆ. ಒಲೆಯಲ್ಲಿ ಸುಟ್ಟ ಬಿಸ್ಕತ್ತು ಯೂರೋಪಿನವರದು, ಹೆಸರಿನ ಮೂಲ ಅರ್ಥ ಎರಡು ಸಲ ಬೆಂದದ್ದು ಎಂದು. ತಿಂಗಳುಗಟ್ಟಲೆ ಹಡಗಿನಲ್ಲಿ ಕೆಡಬಾರದೆಂದು ಮಾಡುತ್ತಿದ್ದ ಕಲ್ಲಿನಂಥ ರೊಟ್ಟಿ ಅದು. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬವೊಂದು 1898ರಲ್ಲಿ ಬೆಂಗಳೂರಿನಲ್ಲಿ ಬೇಕರಿ ತೆರೆಯಿತು. ಮಡಿವಂತರೆನಿಸಿಕೊಂಡವರು ಪರದೇಶದ ವಿದ್ಯೆಯನ್ನು ಕಲಿತರು. ಆಮೇಲೆ ಇಂಥ ಬೇಕರಿಗಳಲ್ಲಿ ಬಿಸ್ಕತ್ತಿನ ಹಿಟ್ಟಿಗೆ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೇರಿ ಖಾರಾ ಬಿಸ್ಕತ್ತು ಹುಟ್ಟಿತು. ಅದು ಇಂದು ಯಾವ ಜಾತಿಯದು, ಯಾವ ಧರ್ಮದ್ದು ಎಂದು ಯಾರೂ ಕೇಳುವುದಿಲ್ಲ, ಕಾಫಿಯ ಜೊತೆ ತಿನ್ನುತ್ತಾರೆ, ಅಷ್ಟೇ.

ಮನೆಯಲ್ಲಿ ಸುಲಭವಾಗಿ ಮಾಡಬಹುದಾದದ್ದು ತುಕ್ಡಿ. ಅರ್ಧ ಕಿಲೋ ಮೈದಾಕ್ಕೆ ಎರಡು ಟೀ ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಜೀರಿಗೆ ಅಥವಾ ಓಮ, ಚಿಟಿಕೆ ಇಂಗು, ರುಚಿಗೆ ಉಪ್ಪು. ಮೂರು ದೊಡ್ಡ ಚಮಚ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಹಿಟ್ಟಿನ ಮೇಲೆ ಸುರಿದು, ಕೈ ಸುಡದಂತಾದ ಮೇಲೆ ಉಜ್ಜಿ ಬೆರೆಸಬೇಕು. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಂತೆ ನಿಲ್ಲಬೇಕು. ಇದೇ ಗರಿಗರಿಯ ಗುಟ್ಟು. ಎಣ್ಣೆ ಹಿಟ್ಟಿನ ಕಣಗಳನ್ನು ಸುತ್ತಿಕೊಳ್ಳುವುದರಿಂದ ಹಿಟ್ಟು ಜಿಗುಟಾಗಿ ಎಳೆಯುವುದಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ಪೂರಿಯಂತೆ ಉಬ್ಬದಿರಲು ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಓರೆಯಾಗಿ ಕತ್ತರಿಸಿ. ಉರಿ ಸಣ್ಣದಿರಲಿ. ಉರಿ ಜಾಸ್ತಿಯಾದರೆ ಮೆಣಸಿನ ಪುಡಿ ಕರಟಿ ಕಹಿಯಾಗುತ್ತದೆ, ಒಳಗಿನ ನೀರಿನ ಅಂಶ ಹೋಗದೆ ಮರುದಿನವೇ ಮೆತ್ತಗಾಗುತ್ತದೆ. ಎಣ್ಣೆ ಬೇಡವೆಂದು ವೈದ್ಯರು ಹೇಳಿದವರು 180 ಡಿಗ್ರಿ ಬಿಸಿಯ ಓವನ್ನಿನಲ್ಲಿ 12ರಿಂದ 15 ನಿಮಿಷ ಸುಡಬಹುದು. ರುಚಿ ಸ್ವಲ್ಪ ಕಡಿಮೆ, ಸುಳ್ಳು ಹೇಳಲಾರೆ.

ಒಂದು ಕಾಲಕ್ಕೆ ಈ ಕೆಲಸಕ್ಕೆ ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರುತ್ತಿದ್ದರು. ಒಬ್ಬರು ಲಟ್ಟಿಸಲು, ಒಬ್ಬರು ಕತ್ತರಿಸಲು, ಚಕ್ಕುಲಿ ಒರಳು ಒತ್ತಲು ತೋಳಿನಲ್ಲಿ ಬಲವಿದ್ದ ಗಂಡುಮಕ್ಕಳು. ಈಗ ಹೆಂಗಸರು ಕೆಲಸಕ್ಕೆ ಹೋಗುತ್ತಾರೆ, ಡಿಸೆಂಬರಿನಲ್ಲಿ ರಜೆ ಸಿಗುವುದಿಲ್ಲ, ಬೇಕರಿಯಿಂದ ತಂದ ಪೊಟ್ಟಣವನ್ನೇ ತಟ್ಟೆಗೆ ಸುರಿಯುತ್ತಾರೆ. ಅವರನ್ನು ದೂರುವುದು ಅನ್ಯಾಯ. ಇಷ್ಟು ಕಾಲ ಎಣ್ಣೆಯ ಮುಂದೆ ಬೆವರಿದವರು ಅವರೊಬ್ಬರೇ ತಾನೆ. ಲಟ್ಟಣಿಗೆ ಹಿಡಿದರೆ ಅಪ್ಪಂದಿರ ಕೈಯೇನೂ ಸವೆಯುವುದಿಲ್ಲ.

ತುಕ್ಡಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಎರಡು ಮೂರು ವಾರ ಚೆನ್ನಾಗಿರುತ್ತದೆ. ಹಬ್ಬಕ್ಕೆ ಹತ್ತು ದಿನ ಮೊದಲೇ ಮಾಡಿಟ್ಟರೆ 24ರ ರಾತ್ರಿ ಪೂಜೆಗೆ ಹೊರಡುವ ಗಡಿಬಿಡಿ ಇರುವುದಿಲ್ಲ. ದೀಪಾವಳಿಗೆ ಚಕ್ಕುಲಿ ಕಳುಹಿಸಿದ ಪಕ್ಕದ ಮನೆಯವರ ತಟ್ಟೆ ಇನ್ನೂ ನಿಮ್ಮಲ್ಲೇ ಇದ್ದರೆ, ಅದನ್ನು ಖಾಲಿ ಹಿಂದಿರುಗಿಸಬೇಡಿ.