ರಾಮನಗರ ಜಿಲ್ಲೆಯ ನಗರ ಸರ್ಕಾರಿ ಪ್ರಾಥಮಿಕ ಶಾಲೆಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಪಟ್ಟಣಗಳ ಸರ್ಕಾರಿ ಪ್ರಾಥಮಿಕ ಶಾಲೆಗಳು. ಕನ್ನಡ ಮಾಧ್ಯಮದವು, ಉರ್ದು ಮಾಧ್ಯಮದವು ಎರಡೂ ಇವೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ಈ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 69ರಷ್ಟು; ಆಗಿನ ರಾಜ್ಯದ ಸರಾಸರಿ ಶೇ. 75 ದಾಟಿತ್ತು.

ಮಕ್ಕಳ ಹಿನ್ನೆಲೆಯನ್ನು ಊರಿನ ಕಸುಬೇ ಹೇಳುತ್ತದೆ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು, ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಗೊಂಬೆ ಮಾಡುವವರು, ಎಲ್ಲೆಡೆ ದಿನಗೂಲಿಯವರು. ರೇಷ್ಮೆಗೂಡು ಬೇಯಿಸುವ ಬಿಸಿನೀರಿನ ತೊಟ್ಟಿಯ ಮುಂದೆ ಮಕ್ಕಳೂ ಕೂರುತ್ತಿದ್ದ ಕಾಲವಿತ್ತು. ರಾಜ್ಯದ ರೇಷ್ಮೆ ಉದ್ಯಮದ ಈ ಬಾಲದುಡಿಮೆಯನ್ನು ಮಾನವ ಹಕ್ಕುಗಳ ಸಂಘಟನೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ದಾಖಲಿಸಿತು. ಈ ಹಿನ್ನೆಲೆಯನ್ನು ಬದಿಗಿಟ್ಟು ಅಂಕಗಳನ್ನಷ್ಟೇ ನೋಡುವುದು ಅನ್ಯಾಯ.

1ರಿಂದ 3ನೇ ತರಗತಿಗೆ ನಲಿ-ಕಲಿ ಪದ್ಧತಿ. ಮಕ್ಕಳು ತಟ್ಟೆಗಳೆಂಬ ಗುಂಪುಗಳಲ್ಲಿ ಕೂತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ವೇಗದಲ್ಲೇ ಹತ್ತುತ್ತಾರೆ. ಬರೆದ ಹಾಳೆಗಳು ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತವೆ. ಗೈರಾದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ದುಡಿಯುವ ಮನೆಗಳ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಕ್ರಮ ಕಡಿಮೆ.

ಬಿಸಿಯೂಟ 2002ರಿಂದ ಹಂತ ಹಂತವಾಗಿ ಬಂತು, ಕ್ಷೀರಭಾಗ್ಯ ಯೋಜನೆಯ ಹಾಲು 2013ರಿಂದ. ಆದರೂ ಉಳ್ಳವರ ಮಕ್ಕಳು ಖಾಸಗಿ ಇಂಗ್ಲಿಷ್ ಶಾಲೆಗಳತ್ತ ಸರಿದದ್ದರಿಂದ, 2019-20ರಲ್ಲಿ ರಾಜ್ಯದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು.

ಕಲಿಕೆಯ ಮಟ್ಟಕ್ಕೆ ಹೆಚ್ಚಾಗಿ ಉದಾಹರಿಸುವ ಅಸರ್ ಸಮೀಕ್ಷೆ ಗ್ರಾಮೀಣ ಮನೆಗಳಿಗೆ ಸೀಮಿತ. ಅದರ ಅಂಕಿಗಳನ್ನು ಈ ಪಟ್ಟಣಗಳ ಶಾಲೆಗಳಿಗೆ ಅನ್ವಯಿಸುವುದು ಸರಿಯಲ್ಲ.